ಯು-505: ಒಂದು ಜಲಾಂತರ್ಗಾಮಿಯ ಸೇವಾಚರಿತ್ರೆ

ಅಮೆರಿಕದ ಷಿಕಾಗೊ ನಗರದ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ, ನೆಲಮಟ್ಟಕ್ಕಿಂತ ಕೆಳಗೆ ಕಟ್ಟಿದ ವಿಶಾಲವಾದ ಒಂದು ಅಂಕಣದಲ್ಲಿ, ಬೂದುಬಣ್ಣದ ಒಂದು ಹಡಗು ನಿಂತಿದೆ. ಅದರ ಉದ್ದ 76 ಮೀಟರಿಗಿಂತ ಸ್ವಲ್ಪ ಹೆಚ್ಚು; ಅಗಲ 7 ಮೀಟರಿಗಿಂತ ಸ್ವಲ್ಪ ಕಡಿಮೆ. ಸಮುದ್ರದಿಂದ ಬಹುದೂರದ ಒಳನಾಡಿನಲ್ಲಿ, ನೀರಿನ ತೇವವೂ ಇಲ್ಲದೆ ನಿಂತಿರುವ ಈ ಹಡಗನ್ನು ನೋಡಲು ಪ್ರತಿವರ್ಷವೂ ಜನ ಸಾಲುಗಟ್ಟಿ ಬರುತ್ತಾರೆ.

ಇದು ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನೌಕಾಪಡೆ ಬಳಸಿದ ಯು-505 ಎಂಬ ಜಲಾಂತರ್ಗಾಮಿ. ಜರ್ಮನ್ ಭಾಷೆಯಲ್ಲಿ 'ಕಡಲಡಿಯ ದೋಣಿ' ಎಂಬರ್ಥದ ಪದದ ಮೊದಲನೆಯ ಅಕ್ಷರವೇ 'ಯು'. 1942ರಲ್ಲಿ ಎಂಟು ಹಡಗುಗಳನ್ನು ಮುಳುಗಿಸಿದ ಈ ನೌಕೆ 1944ರಲ್ಲಿ ಶತ್ರುವಿನ ಕೈಗೆ ಮುಳುಗದೆಯೇ ಸಿಕ್ಕಿತು. ಇದರ ಚರಿತ್ರೆಯನ್ನು ಯುದ್ಧದ ಕಥೆಯೆಂದು ಓದಬಹುದು. ಆದರೆ ಭೌತವಿಜ್ಞಾನದ ಅಭ್ಯಾಸವಿದ್ದವನು ಓದಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಈ ನೌಕೆಯ ಬಾಳಿನ ಒಂದೊಂದು ತಿರುವಿನಲ್ಲಿಯೂ ಪಾಠಪುಸ್ತಕದ ಒಂದೊಂದು ನಿಯಮ ಕಾದು ಕುಳಿತಿದೆ. ಇದನ್ನು ಅಡಗಿಸಿದುದು ಆ ನಿಯಮಗಳೇ. ಹಿಡಿದುಕೊಟ್ಟುದೂ, ಕೊನೆಗೆ ಉಳಿಸಿದುದೂ ಅವೇ.

ಮುಳುಗುವ ಲೆಕ್ಕ

ಯು-505 ನಿರ್ಮಾಣವಾದುದು ಹ್ಯಾಂಬರ್ಗ್ ನಗರದಲ್ಲಿ. 1940ರ ಜೂನಿನಲ್ಲಿ ಕಟ್ಟುವ ಕೆಲಸ ಆರಂಭವಾಗಿ, 1941ರ ಮೇ ತಿಂಗಳಲ್ಲಿ ನೌಕೆ ನೀರಿಗಿಳಿಯಿತು. ಅದೇ ವರ್ಷದ ಆಗಸ್ಟ್ 26ರಂದು ನೌಕಾಪಡೆಯ ಸೇವೆಗೆ ಸೇರಿತು.

ನೀರಿನ ಮೇಲೆ ತೇಲುವಾಗ ಈ ನೌಕೆ ಪಕ್ಕಕ್ಕೆ ಸರಿಸುತ್ತಿದ್ದ ನೀರಿನ ತೂಕ 1,120 ಟನ್ನು. ಪೂರ್ತಿ ಮುಳುಗಿದಾಗ 1,232 ಟನ್ನು. ಈ ಎರಡು ಅಂಕಿಗಳಿಂದಲೇ ಜಲಾಂತರ್ಗಾಮಿಯ ಗುಟ್ಟು ತಿಳಿಯುತ್ತದೆ. ತೇಲುವ ವಸ್ತುವಿನ ತೂಕ ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕಕ್ಕೆ ಸಮವೆಂಬುದು ಆರ್ಕಿಮಿಡೀಸನ ತತ್ತ್ವದಿಂದ ನಮಗೆ ಗೊತ್ತಿದೆ. ಹಾಗಾದರೆ ತೇಲುವಾಗ ನೌಕೆಯ ತೂಕ 1,120 ಟನ್ನು. ಅದು ಮೇಲಕ್ಕೂ ಏಳದೆ ಕೆಳಕ್ಕೂ ಇಳಿಯದೆ ನೀರೊಳಗೆ ನಿಲ್ಲಬೇಕಾದರೆ ತೂಕ 1,232 ಟನ್ನು ಆಗಬೇಕು. ವ್ಯತ್ಯಾಸ 112 ಟನ್ನು. ಅಷ್ಟು ಸಮುದ್ರದ ನೀರನ್ನು ಹೊರಮೈಯ ನಿಲುಭಾರದ ತೊಟ್ಟಿಗಳಿಗೆ ತುಂಬಿಕೊಂಡರೆ ನೌಕೆ ಮುಳುಗುತ್ತದೆ. ಒತ್ತಿಟ್ಟ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ಏಳುತ್ತದೆ.

ತೂಕದ ಈ ಸಮತೋಲ ಬಹಳ ಸೂಕ್ಷ್ಮವಾದುದು. ಒಂದು ಟಾರ್ಪಿಡೊ ಹೊರಟುಹೋದರೆ ಒಂದೂವರೆ ಟನ್ನಿಗೂ ಮೀರಿದ ತೂಕ ಕಳೆಯುತ್ತದೆ. ಕೂಡಲೇ ಅದಕ್ಕೆ ಸರಿಹೋಗುವಷ್ಟು ನೀರನ್ನು ಒಳಗೆ ಬಿಡದಿದ್ದರೆ ನೌಕೆಯ ಮೂತಿ ಮೇಲೆದ್ದು ಶತ್ರುವಿಗೆ ಕಾಣಿಸೀತು. ಒತ್ತಡದ ಮಾತನ್ನೂ ಮರೆಯುವಂತಿಲ್ಲ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 200 ಮೀಟರ್ ಆಳದಲ್ಲಿ ಹೊರಕವಚದ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 200 ಟನ್ನಿನ ಭಾರ ಬೀಳುತ್ತದೆ. ಈ ಭಾರದ ನಡುವೆ ಐವತ್ತಕ್ಕೂ ಹೆಚ್ಚು ಮಂದಿ ವಾರಗಟ್ಟಲೆ ಉಂಡು, ಮಲಗಿ, ದುಡಿಯುತ್ತಿದ್ದರು.

ಐವತ್ತಾರು ದಿನ, ಹದಿನಾರು ಗಂಟೆ

ಜಲಾಂತರ್ಗಾಮಿ ಯಾವಾಗಲೂ ನೀರೊಳಗೇ ಸಂಚರಿಸುತ್ತದೆಂದು ನಾವು ಭಾವಿಸುವುದುಂಟು. ಆ ಕಾಲದ ಜಲಾಂತರ್ಗಾಮಿಗಳಿಗೆ ಇದು ಸಲ್ಲದು. ಡೀಸೆಲ್ ಯಂತ್ರ ಉರಿಯಲು ಗಾಳಿ ಬೇಕು, ನೀರೊಳಗೆ ಗಾಳಿಯಿಲ್ಲ. ಆದುದರಿಂದ ಯು-505ರಲ್ಲಿ ಎರಡು ಬಗೆಯ ಯಂತ್ರಗಳಿದ್ದುವು: ನೀರಿನ ಮೇಲೆ ಓಡಿಸಲು ಒಟ್ಟು 4,400 ಅಶ್ವಶಕ್ತಿಯ ಎರಡು ಡೀಸೆಲ್ ಯಂತ್ರಗಳು, ನೀರೊಳಗೆ ಓಡಿಸಲು ಒಟ್ಟು 1,000 ಅಶ್ವಶಕ್ತಿಯ ಎರಡು ವಿದ್ಯುತ್ ಮೋಟಾರುಗಳು. ಮೋಟಾರುಗಳಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದುದು ಬ್ಯಾಟರಿ. ಬ್ಯಾಟರಿ ಬರಿದಾದರೆ ಮೇಲೆದ್ದು, ಡೀಸೆಲ್ ಯಂತ್ರ ಓಡಿಸಿ, ಮತ್ತೆ ತುಂಬಿಸಿಕೊಳ್ಳಬೇಕು.

ಇಲ್ಲಿ ಒಂದು ಸುಲಭವಾದ ಲೆಕ್ಕ ಮಾಡೋಣ. ನೀರಿನ ಮೇಲೆ ಗಂಟೆಗೆ 10 ನಾವಿಕ ಮೈಲಿಯ ವೇಗದಲ್ಲಿ ಈ ನೌಕೆ 13,450 ನಾವಿಕ ಮೈಲಿ ಹೋಗಬಲ್ಲುದಾಗಿತ್ತು. ಅಂದರೆ 1,345 ಗಂಟೆ, ಸುಮಾರು 56 ದಿನ. ನೀರೊಳಗೆ ಗಂಟೆಗೆ 4 ನಾವಿಕ ಮೈಲಿಯ ವೇಗದಲ್ಲಿ ಹೋಗಬಲ್ಲ ದೂರ ಕೇವಲ 63 ನಾವಿಕ ಮೈಲಿ. ಅಂದರೆ ಸುಮಾರು 16 ಗಂಟೆ. ಅವಸರಪಟ್ಟು ವೇಗವನ್ನು ಎರಡರಷ್ಟು ಮಾಡಹೊರಟರೆ ನೀರಿನ ತಡೆಯನ್ನು ಮೀರಲು ಬೇಕಾಗುವ ಸಾಮರ್ಥ್ಯ ಸುಮಾರು ಎಂಟರಷ್ಟಾಗುತ್ತದೆ. ಬ್ಯಾಟರಿ ಬಹುಬೇಗ ಬತ್ತುತ್ತದೆ.

ಒಂದು ಕಡೆ ಐವತ್ತಾರು ದಿನ, ಇನ್ನೊಂದು ಕಡೆ ಹದಿನಾರು ಗಂಟೆ! ಜಲಾಂತರ್ಗಾಮಿ ಎನ್ನುವ ಹೆಸರು ದೊಡ್ಡದು. ನಿಜವಾಗಿ ಅದು ಬೇಕಾದಾಗ ಸ್ವಲ್ಪ ಹೊತ್ತು ಅಡಗಿಕೊಳ್ಳಬಲ್ಲ ಮೇಲುನೀರಿನ ದೋಣಿ. ಯುದ್ಧದ ಮೊದಲ ವರ್ಷಗಳಲ್ಲಿ ಆ 'ಸ್ವಲ್ಪ ಹೊತ್ತು' ಸಾಕಾಗುತ್ತಿತ್ತು. ಮುಂದೆ ಅದು ಸಾಲದೆ ಬಂತು.

ಬೇಟೆಯ ದಿನಗಳು

1942ರ ಫೆಬ್ರವರಿಯಲ್ಲಿ, ಆಗ ಜರ್ಮನಿಯ ವಶದಲ್ಲಿದ್ದ ಫ್ರಾನ್ಸಿನ ಲೋರಿಯಾಂ ಬಂದರಿನಿಂದ ಯು-505 ಪಶ್ಚಿಮ ಆಫ್ರಿಕದ ಕಡೆಗೆ ಹೊರಟಿತು. ಅದರ ಕಪ್ತಾನ ಆಕ್ಸೆಲ್-ಓಲಾಫ್ ಲೋವ. 86 ದಿನಗಳ ಆ ಯಾತ್ರೆಯಲ್ಲಿ ಬ್ರಿಟನ್, ನಾರ್ವೆ, ಅಮೆರಿಕ, ಹಾಲೆಂಡುಗಳಿಗೆ ಸೇರಿದ ನಾಲ್ಕು ಹಡಗುಗಳನ್ನು ಅದು ಮುಳುಗಿಸಿತು. ಜೂನಿನಲ್ಲಿ ಕೆರಿಬ್ಬಿಯನ್ ಸಮುದ್ರದ ಕಡೆಗೆ ಹೋದಾಗ ಎರಡು ಅಮೆರಿಕನ್ ಹಡಗುಗಳು ಬಲಿಯಾದುವು. ಜುಲೈ 22ರಂದು 'ರೋಮಾರ್' ಎಂಬ ಕೊಲಂಬಿಯದ ಹಾಯಿಹಡಗೂ ತೋಪಿಗೆ ತುತ್ತಾಯಿತು. ಟಾರ್ಪಿಡೊಗಳ ಯುಗದಲ್ಲಿ ಗಾಳಿಯನ್ನೇ ನಂಬಿ ಸಾಗುತ್ತಿದ್ದ ಒಂದು ಪುಟ್ಟ ಹಡಗು! ಆ ಬೇಟೆ ನೌಕೆಗೆ ಅಪಶಕುನವಾಯಿತೆಂದು ಅದರ ನಾವಿಕರೇ ಮಾತನಾಡಿಕೊಳ್ಳುತ್ತಿದ್ದರಂತೆ. ಲೋವನಿಗೆ ಕರುಳುಬಾಲದ ಬೇನೆ ಹತ್ತಿ ನೌಕೆ ಹಿಂದಿರುಗಿತು. ಅವನ ಸ್ಥಾನಕ್ಕೆ ಪೀಟರ್ ಚೆಖ್ ಎಂಬ ತರುಣ ಬಂದನು. 1942ರ ನವೆಂಬರ್ 7ರಂದು 'ಓಷನ್ ಜಸ್ಟಿಸ್' ಎಂಬ ಬ್ರಿಟಿಷ್ ಹಡಗು ಮುಳುಗಿತು. ಅದೇ ಎಂಟನೆಯದು, ಅದೇ ಕೊನೆಯದು.

ಮೂರೇ ದಿನಗಳ ಮೇಲೆ, ನವೆಂಬರ್ 10ರಂದು, ಟ್ರಿನಿಡಾಡ್ ದ್ವೀಪದ ಬಳಿ ಬ್ರಿಟಿಷ್ ವಾಯುಪಡೆಯ ಒಂದು ಹಡ್ಸನ್ ವಿಮಾನ ಯು-505ರ ಮೇಲೆ ಬಹಳ ಕೆಳಮಟ್ಟದಲ್ಲಿ ಎರಗಿತು. ಬಾಂಬು ನೌಕೆಯ ಅಟ್ಟದ ಮೇಲೆಯೇ ಬಿದ್ದು ಒಡನೆಯೇ ಸಿಡಿಯಿತು. ಸಿಡಿತದ ರಭಸಕ್ಕೆ ವಿಮಾನವೂ ನುಚ್ಚುನೂರಾಗಿ, ಅದರಲ್ಲಿದ್ದವರೆಲ್ಲರೂ ಮಡಿದರು.

ಹೀಗೇಕಾಯಿತು? ವಿಮಾನದಿಂದ ಜಾರಿದ ಬಾಂಬಿಗೆ ವಿಮಾನದ ಮುನ್ನಡೆಯ ವೇಗವೇ ಇರುತ್ತದೆ. ಗಾಳಿಯ ತಡೆಯನ್ನು ಬಿಟ್ಟು ನೋಡಿದರೆ, ಅದು ಕೆಳಗೆ ಬೀಳುತ್ತಿರುವಷ್ಟು ಹೊತ್ತೂ ವಿಮಾನದ ನೇರ ಕೆಳಗೇ ಇರುತ್ತದೆ. ಎತ್ತರದಿಂದ ಹಾಕಿದರೆ ಅಪಾಯವಿಲ್ಲ. ಕೆಳಮಟ್ಟದಿಂದ ಹಾಕಿದಾಗ ಬಾಂಬು ನೀರಿನಲ್ಲಿ ಇಳಿದು ತಡವಾಗಿ ಸಿಡಿದರೆ ವಿಮಾನ ಮುಂದೆ ಹೋಗಿರುತ್ತದೆ. ಇಲ್ಲಿ ಬಾಂಬು ನೀರಿಗೆ ಬೀಳದೆ ಗಟ್ಟಿಯಾದ ಉಕ್ಕಿಗೆ ಬಡಿಯಿತು. ಬಡಿದ ಗಳಿಗೆಯಲ್ಲಿ ವಿಮಾನ ಅದರ ತಲೆಯ ಮೇಲೆಯೇ ಇತ್ತು.

ಯಂತ್ರದ ಕೋಣೆಗೆ ನೀರು ನುಗ್ಗಿ, ಪಂಪುಗಳು ಕೆಟ್ಟು, ನೌಕೆ ಮುಳುಗುವ ಸ್ಥಿತಿಗೆ ಬಂತು. ಯಂತ್ರಜ್ಞರು ಹಗಲಿರುಳು ದುಡಿದು ಅದನ್ನು ತೇಲಿಸಿ ಉಳಿಸಿದರು. ಡಿಸೆಂಬರಿನಲ್ಲಿ ಅದು ಕುಂಟುತ್ತ ಲೋರಿಯಾಂ ಸೇರಿತು. ದುರಸ್ತಿಗೆ ಆರು ತಿಂಗಳು ಹಿಡಿಯಿತು.

ಒಂದು ಪೆನ್ಸಿಲಿನ ಗಾತ್ರದ ರಂಧ್ರ

1943ರಲ್ಲಿ ಯು-505 ಮತ್ತೆ ಮತ್ತೆ ಹೊರಟು ಮತ್ತೆ ಮತ್ತೆ ಹಿಂದಿರುಗಿತು. ಬಂದರಿನ ಫ್ರೆಂಚ್ ಕೆಲಸಗಾರರು ದುರಸ್ತಿಯ ನೆಪದಲ್ಲಿ ಗುಟ್ಟಾಗಿ ಕೆಡಿಸುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. ಒಮ್ಮೆ ಎಣ್ಣೆಯ ತೊಟ್ಟಿಯಲ್ಲಿ ಪೆನ್ಸಿಲಿನ ಗಾತ್ರದ ಒಂದು ರಂಧ್ರ ಕಂಡುಬಂತು.

ಅಷ್ಟು ಸಣ್ಣ ರಂಧ್ರದಿಂದ ಏನಾದೀತು ಎನ್ನಬೇಡಿ. ಎಣ್ಣೆ ನೀರಿನ ಮೇಲೆ ತೆಳುವಾದ ಪೊರೆಯಾಗಿ ಹರಡುತ್ತದೆ. ಪೊರೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದರೆ, ಒಂದು ಲೀಟರ್ ಎಣ್ಣೆ 1,000 ಚದರ ಮೀಟರ್ ನೀರನ್ನು ಮುಚ್ಚುತ್ತದೆ. ಬಿಸಿಲಿನಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಆ ಜಾಡು ಮೇಲೆ ಹಾರುವ ವಿಮಾನಕ್ಕೆ ದಾರಿ ತೋರುವ ಗೆರೆಯೇ ಸರಿ. ಅಡಗುವುದೇ ಕಸುಬಾದ ನೌಕೆಗೆ ಇದಕ್ಕಿಂತ ದೊಡ್ಡ ಗಾಯ ಬೇಕಿಲ್ಲ.

ಅಷ್ಟರಲ್ಲಿ ಸಮುದ್ರದ ಪರಿಸ್ಥಿತಿಯೂ ಬದಲಾಗಿತ್ತು. 1940ರಲ್ಲಿ ಬರ್ಮಿಂಗ್‌ಹ್ಯಾಮಿನ ವಿಜ್ಞಾನಿಗಳಾದ ರ‍್ಯಾಂಡಲ್ ಮತ್ತು ಬೂಟ್ ಎಂಬವರು ನಿರ್ಮಿಸಿದ ಮ್ಯಾಗ್ನೆಟ್ರಾನಿನಿಂದ 10 ಸೆಂಟಿಮೀಟರ್ ಅಲೆಯುದ್ದದ ರೇಡಾರು ಸಾಧ್ಯವಾಯಿತು. ಇರುಳಿನಲ್ಲಿ ಬ್ಯಾಟರಿ ತುಂಬಿಸಿಕೊಳ್ಳಲು ಮೇಲೆದ್ದ ಜಲಾಂತರ್ಗಾಮಿಯನ್ನೂ ಅದು ಕಾಣಬಲ್ಲುದಾಗಿತ್ತು. ನೌಕೆಯಿಂದ ಹೊರಟ ಪ್ರತಿಯೊಂದು ರೇಡಿಯೊ ಸಂದೇಶವೂ ಅದರ ದಿಕ್ಕನ್ನು ಹೇಳಿಬಿಡುತ್ತಿತ್ತು. ಬೇರೆ ಬೇರೆ ಎಡೆಗಳಿಂದ ಎಳೆದ ಎರಡು ದಿಕ್ಕಿನ ಗೆರೆಗಳು ಕೂಡುವಲ್ಲಿ ನೌಕೆ ಇರಲೇಬೇಕು.

1943ರ ಅಕ್ಟೋಬರ್ 24ರಂದು ಶತ್ರುನೌಕೆಗಳು ನೀರೊಳಗೆ ಎಡೆಬಿಡದೆ ಸ್ಫೋಟಕಗಳನ್ನು ಸಿಡಿಸುತ್ತಿದ್ದಾಗ, ಕಪ್ತಾನ ಚೆಖ್ ತನ್ನ ಸಿಬ್ಬಂದಿಯ ಎದುರಿನಲ್ಲಿಯೇ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟನು. ಉಪನಾಯಕ ಪೌಲ್ ಮೇಯರ್ ನೌಕೆಯನ್ನು ಸುರಕ್ಷಿತವಾಗಿ ಬಂದರಿಗೆ ತಂದನು. ಉಕ್ಕಿನ ಕವಚ ಎಷ್ಟು ಒತ್ತಡ ತಾಳಬಲ್ಲುದೆಂಬುದನ್ನು ಎಂಜಿನಿಯರು ಮೊದಲೇ ಲೆಕ್ಕ ಹಾಕಿ ಹೇಳಬಲ್ಲನು. ಅದರೊಳಗಿನ ಮನುಷ್ಯನಿಗೆ ಅಂಥ ಲೆಕ್ಕವಿಲ್ಲ.

ಹೊಸ ಕಪ್ತಾನ ಹರಾಲ್ಡ್ ಲಾಂಗ ಡಿಸೆಂಬರಿನಲ್ಲಿ ಹೊರಟಾಗ, ಮುಳುಗಿದ ಒಂದು ಜರ್ಮನ್ ಯುದ್ಧನೌಕೆಯ ಮೂವತ್ತಕ್ಕೂ ಹೆಚ್ಚು ನಾವಿಕರನ್ನು ನೀರಿನಿಂದೆತ್ತಿ ಬ್ರೆಸ್ಟ್ ಬಂದರಿಗೆ ತಂದನು. ಅಲ್ಲಿಂದ 1944ರ ಮಾರ್ಚ್ 16ರಂದು ಯು-505 ತನ್ನ ಕೊನೆಯ ಯಾತ್ರೆಗೆ ಹೊರಟಿತು.

ಜೂನ್ 4

ಅಮೆರಿಕದ ವಿಮಾನವಾಹಕ ನೌಕೆ 'ಗ್ವಾಡಲ್ ಕೆನಾಲ್' ಮತ್ತು ಅದರ ಐದು ಬೆಂಗಾವಲು ನೌಕೆಗಳು ಅಟ್ಲಾಂಟಿಕ್ ಸಾಗರದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದುವು. ಅವುಗಳ ನಾಯಕ ಡೇನಿಯಲ್ ಗ್ಯಾಲರಿ. ಏಪ್ರಿಲಿನಲ್ಲಿ ಅವನ ಪಡೆ ಇನ್ನೊಂದು ಜಲಾಂತರ್ಗಾಮಿಯನ್ನು ಮೇಲೆಬ್ಬಿಸಿದಾಗ ಅದು ಗುಂಡಿನ ಮಳೆಯ ನಡುವೆಯೂ ಸ್ವಲ್ಪ ಹೊತ್ತು ತೇಲುತ್ತಿತ್ತು. ಆ ಸ್ವಲ್ಪ ಹೊತ್ತಿನಲ್ಲಿಯೇ ನೌಕೆಯೊಳಕ್ಕೆ ನುಗ್ಗಿ ಅದನ್ನು ಹಿಡಿಯಬಾರದೇಕೆ ಎಂದು ಗ್ಯಾಲರಿ ಯೋಚಿಸಿ, ಪ್ರತಿ ಬೆಂಗಾವಲು ನೌಕೆಯಲ್ಲಿಯೂ ಅದಕ್ಕಾಗಿ ಒಂದೊಂದು ತಂಡವನ್ನು ಸಿದ್ಧಮಾಡಿಸಿದ್ದನು.

1944ರ ಜೂನ್ 4, ಭಾನುವಾರ. ಆಫ್ರಿಕದ ಬ್ಲಾಂಕೊ ಭೂಶಿರದಿಂದ ಸುಮಾರು 150 ನಾವಿಕ ಮೈಲಿ ದೂರ. ಬೆಳಗಿನ ಹನ್ನೊಂದು ಗಂಟೆ ದಾಟಿದಾಗ 'ಚ್ಯಾಟಲೇನ್' ಎಂಬ ಬೆಂಗಾವಲು ನೌಕೆಯ ಸೋನಾರಿಗೆ ಪ್ರತಿಧ್ವನಿಯೊಂದು ಕೇಳಿಬಂತು. ದೂರ 800 ಗಜ, ಎಂದರೆ ಸುಮಾರು 730 ಮೀಟರು. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರು ಸಾಗುತ್ತದೆ. ಹೋಗಿಬರುವ 1,460 ಮೀಟರಿಗೆ ಒಂದು ಸೆಕೆಂಡೂ ಬೇಕಿಲ್ಲ. ಕೂಗಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಉತ್ತರ ಬಂದಂತೆ!

ಮೇಲೆ ಹಾರುತ್ತಿದ್ದ ವಿಮಾನಗಳಿಗೆ ತಿಳಿನೀರಿನೊಳಗೆ ನೌಕೆಯ ನೆರಳು ಕಾಣಿಸಿತು. ಅವು ನೀರಿಗೆ ಗುಂಡು ಹಾರಿಸಿ ಆ ಜಾಗವನ್ನು ತೋರಿಸಿದುವು. ಚ್ಯಾಟಲೇನ್ ತಿರುಗಿಬಂದು ಡೆಪ್ತ್ ಚಾರ್ಜ್ ಎಂಬ ಸ್ಫೋಟಕದ ಪೀಪಾಯಿಗಳನ್ನು ಉರುಳಿಸಿತು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಆದುದರಿಂದ ಸಿಡಿತದ ಪೆಟ್ಟು ಮೆತ್ತಗಾಗದೆ ನೌಕೆಯ ಮೈಗೆ ಬಡಿಯುತ್ತದೆ. ಒಳಗೆ ದೀಪಗಳು ಆರಿದುವು. ಚುಕ್ಕಾಣಿ ಬಲಕ್ಕೆ ತಿರುಗಿ ಸಿಕ್ಕಿಕೊಂಡಿತು. ನೌಕೆ ಉಳಿಯದೆಂದು ಬಗೆದ ಲಾಂಗ ಮೇಲೇಳಲು ಆಜ್ಞೆ ಮಾಡಿದನು. ಮೇಲೆದ್ದೊಡನೆ ಗುಂಡೇಟು ತಗುಲಿ ಅವನೂ ಗಾಯಗೊಂಡನು. ನಾವಿಕರು ಸಮುದ್ರಕ್ಕೆ ಧುಮುಕಿದರು. ಅವರಲ್ಲಿ ಒಬ್ಬನು ಸತ್ತನು. ಉಳಿದವರನ್ನು ಅಮೆರಿಕನ್ನರು ಮೇಲೆತ್ತಿಕೊಂಡರು.

ಮೋಟಾರುಗಳನ್ನು ನಿಲ್ಲಿಸುವವರಿರಲಿಲ್ಲ. ಚುಕ್ಕಾಣಿ ಬಲಕ್ಕೆ ಸಿಕ್ಕಿಕೊಂಡಿದ್ದುದರಿಂದ ಖಾಲಿ ನೌಕೆ ದೊಡ್ಡ ವೃತ್ತದಲ್ಲಿ ಸುತ್ತತೊಡಗಿತು. 'ಪಿಲ್ಸ್‌ಬರಿ' ನೌಕೆಯಿಂದ ಆಲ್ಬರ್ಟ್ ಡೇವಿಡ್ ಎಂಬ ಅಧಿಕಾರಿಯ ತಂಡ ಸಣ್ಣ ದೋಣಿಯಲ್ಲಿ ಹೊರಟು, ಬಿಲ್ಲಿನಂತೆ ಬಾಗಿದ ಅದರ ದಾರಿಯನ್ನು ಹಿಂಬಾಲಿಸದೆ ಹೆದೆಯಂತೆ ನೇರವಾಗಿ ಅಡ್ಡಹಾಯ್ದು ಅದನ್ನು ಹಿಡಿಯಿತು. ಒಳಗೆ ಶತ್ರುಗಳಿದ್ದಾರೆಯೆ, ಸಿಡಿಮದ್ದು ಯಾವಾಗ ಸಿಡಿದೀತು, ಏನೂ ತಿಳಿಯದೆ ಡೇವಿಡ್ ಮತ್ತು ಇಬ್ಬರು ಸಂಗಡಿಗರು ಏಣಿಯಿಂದ ಕೆಳಗಿಳಿದರು.

ಒಳಗೆ ಶತ್ರುಗಳಿರಲಿಲ್ಲ, ನೀರಿತ್ತು. ನೌಕೆಯನ್ನು ಮುಳುಗಿಸಲೆಂದು ಜರ್ಮನರು ಒಂದು ಕೊಳವೆಯ ಮುಚ್ಚಳವನ್ನು ತೆಗೆದುಬಿಟ್ಟಿದ್ದರು. ಸುಮಾರು 20 ಸೆಂಟಿಮೀಟರ್ ಅಗಲದ ಧಾರೆ ಒಳಕ್ಕೆ ಧುಮ್ಮಿಕ್ಕುತ್ತಿತ್ತು. ಆ ಬಾಯಿ ನೀರಿನ ಮಟ್ಟಕ್ಕಿಂತ 2 ಮೀಟರ್ ಕೆಳಗಿತ್ತೆಂದು ಇಟ್ಟುಕೊಳ್ಳೋಣ. ಟಾರಿಚೆಲ್ಲಿಯ ನಿಯಮದಂತೆ ನೀರಿನ ವೇಗ ಸೆಕೆಂಡಿಗೆ 6 ಮೀಟರಿಗೂ ಹೆಚ್ಚು. ಒಳಬರುವ ನೀರು ಸೆಕೆಂಡಿಗೆ ಸುಮಾರು 200 ಲೀಟರು. ಕೊಳವೆಯ ತಡೆಗೆಂದು ಅರ್ಧವನ್ನು ಕಳೆದರೂ ನಿಮಿಷಕ್ಕೆ 6 ಟನ್ನು. ನೌಕೆಯನ್ನು ಮುಳುಗಿಸಲು ಬೇಕಾದುದು 112 ಟನ್ನೆಂದು ಆಗಲೇ ಕಂಡೆವಲ್ಲವೆ? ಹಾಗಾದರೆ ಹತ್ತೊಂಬತ್ತು ನಿಮಿಷವೂ ಬೇಡ. ಯು-505 ಮೇಲೆದ್ದಾಗಲೇ ಅರ್ಧ ಮುಳುಗಿದ್ದುದರಿಂದ ನಿಜವಾದ ಅವಧಿ ಇನ್ನೂ ಕಡಿಮೆ. ಜೆನಾನ್ ಲುಕೋಸಿಯಸ್ ಎಂಬ ನಾವಿಕನಿಗೆ ಆ ಮುಚ್ಚಳ ಅಲ್ಲಿಯೇ ಬಿದ್ದಿರುವುದು ಕಂಡಿತು. ಅದನ್ನು ಹಾಕಿ ಬಿಗಿದನು, ಧಾರೆ ನಿಂತಿತು.

ಮೋಟಾರು ವಿದ್ಯುಜ್ಜನಕವಾದುದು

ಗ್ವಾಡಲ್ ಕೆನಾಲ್ ಯು-505ಕ್ಕೆ ಹಗ್ಗ ಕಟ್ಟಿ ಎಳೆಯತೊಡಗಿತು. ಆದರೆ ಒಳಗೆ ತುಂಬಿದ ನೀರಿನಿಂದ ಹಿಂಭಾಗ ಇಳಿದೇ ಇತ್ತು. ನೀರನ್ನು ಹೊರಹಾಕಲು ಪಂಪು ಓಡಬೇಕು, ಪಂಪಿಗೆ ವಿದ್ಯುತ್ತು ಬೇಕು, ಬ್ಯಾಟರಿ ಬತ್ತಿದೆ. ಡೀಸೆಲ್ ಯಂತ್ರವನ್ನು ಓಡಿಸಿ ಅದನ್ನು ತುಂಬಿಸುವಂತಿಲ್ಲ. ಏನು ಮಾಡುವುದು?

ಗ್ವಾಡಲ್ ಕೆನಾಲಿನ ಮುಖ್ಯ ಎಂಜಿನಿಯರ್ ಅರ್ಲ್ ಟ್ರೋಸಿನೊ ಹಿಂದೆಂದೂ ಜಲಾಂತರ್ಗಾಮಿಯಲ್ಲಿ ಕೆಲಸ ಮಾಡಿದವನಲ್ಲ. ಅವನು ನೌಕೆಯ ಕೊಳವೆಗಳ ಜಾಡನ್ನು ಹಿಡಿದು, ಎಣ್ಣೆ ಮೆತ್ತಿದ ನೆಲದಲ್ಲಿ ತೆವಳಿ, ಒಳಗಿನ ರಚನೆಯನ್ನು ಅರಿತುಕೊಂಡನು. ಆಮೇಲೆ ಡೀಸೆಲ್ ಯಂತ್ರಗಳ ಸಂಬಂಧವನ್ನು ಬಿಡಿಸಿ, ಮೋಟಾರುಗಳನ್ನು ಮಾತ್ರ ಪ್ರೊಪೆಲರುಗಳಿಗೆ ಜೋಡಿಸಿದನು. ಇನ್ನು ವೇಗವಾಗಿ ಎಳೆಯಿರೆಂದು ಗ್ಯಾಲರಿಗೆ ಹೇಳಿಕಳುಹಿಸಿದನು.

ನೌಕೆ ಮುಂದೆ ಸಾಗಿದಂತೆ, ಗಾಳಿಗೆ ಗಿರಿಗಟ್ಟೆ ತಿರುಗುವ ಹಾಗೆ, ಎದುರಿನ ನೀರಿಗೆ ಪ್ರೊಪೆಲರುಗಳು ತಿರುಗಿದುವು. ಅವುಗಳೊಡನೆ ಮೋಟಾರುಗಳೂ ತಿರುಗಿದುವು. ಮೋಟಾರಿಗೆ ವಿದ್ಯುತ್ತನ್ನು ಕೊಟ್ಟರೆ ಅದು ತಿರುಗುತ್ತದೆ. ಅದನ್ನೇ ಬಲದಿಂದ ತಿರುಗಿಸಿದರೆ ವಿದ್ಯುತ್ತನ್ನು ಕೊಡುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವವೇ ಇದು. ಬ್ಯಾಟರಿ ತುಂಬಿತು; ಪಂಪುಗಳು ಓಡಿದುವು; ನೌಕೆ ಮೇಲೆದ್ದಿತು. ಈ ವಿದ್ಯುತ್ತು ಬಿಟ್ಟಿಯಾಗಿ ಬಂದುದಲ್ಲ. ತಿರುಗುವ ಮೋಟಾರು ಎಳೆತವನ್ನು ಹೆಚ್ಚಿಸುತ್ತದೆ. ಅದರ ಬೆಲೆಯನ್ನು ತೆತ್ತುದು ಎಳೆಯುತ್ತಿದ್ದ ಹಡಗಿನ ಎಣ್ಣೆ. ಶಕ್ತಿಯ ಲೆಕ್ಕದಲ್ಲಿ ಎಲ್ಲಿಯೂ ಸಾಲಮನ್ನಾ ಇಲ್ಲ.

ಪ್ರಯೋಗಾಲಯದಲ್ಲಿ ಮೋಟಾರು ಮತ್ತು ವಿದ್ಯುಜ್ಜನಕಗಳ ವಿಷಯವನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗಲೆಲ್ಲ ನನಗೆ ಟ್ರೋಸಿನೊ ನೆನಪಾಗುತ್ತಾನೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆಂದು ನಾವು ಬಾಯಿಪಾಠ ಮಾಡುವ ಒಂದು ವಾಕ್ಯ ಅಲ್ಲಿ ಸಾವಿರ ಟನ್ನಿನ ಹಡಗನ್ನು ಎತ್ತಿತು.

ಮೌನದ ಬೆಲೆ

ಸುಮಾರು 1,700 ನಾವಿಕ ಮೈಲಿ ದೂರ ಎಳೆದು, ಜೂನ್ 19ರಂದು ಯು-505ನ್ನು ಬರ್ಮುಡ ದ್ವೀಪಕ್ಕೆ ಮುಟ್ಟಿಸಿದರು. ಅದರಲ್ಲಿ ಎನಿಗ್ಮಾ ಎಂಬ ಗೂಢಲಿಪಿಯ ಯಂತ್ರಗಳೂ ಸಂಕೇತಪುಸ್ತಕಗಳೂ ಸಿಕ್ಕಿದುವು. ಹಡಗಿನ ಪ್ರೊಪೆಲರಿನ ಸದ್ದನ್ನು ಕೇಳಿ ತಾನೇ ಬೆನ್ನಟ್ಟಿ ಹೋಗುವ ಎರಡು ಟಾರ್ಪಿಡೊಗಳೂ ದೊರೆತುವು.

ಈ ಸಂಪತ್ತಿಗೆ ಬೆಲೆಯಿದ್ದುದು ಗುಟ್ಟು ಉಳಿದರೆ ಮಾತ್ರ. ನೌಕೆ ಸಿಕ್ಕಿಬಿದ್ದಿದೆಯೆಂದು ಜರ್ಮನಿಗೆ ತಿಳಿದರೆ ಸಂಕೇತಗಳೆಲ್ಲವೂ ಬದಲಾಗುತ್ತಿದ್ದುವು. ಮಿತ್ರಪಕ್ಷದವರು ಆ ಸಂಕೇತಗಳನ್ನು ಆಗಲೇ ಓದುತ್ತಿದ್ದುದೂ ವ್ಯರ್ಥವಾಗುತ್ತಿತ್ತು. ನಾರ್ಮಂಡಿಯ ದಾಳಿಗೆ ಎರಡೇ ದಿನ ಉಳಿದಿತ್ತು. ಈ ಸಾಹಸಕ್ಕಾಗಿ ಗ್ಯಾಲರಿಯ ಮೇಲೆ ಸೈನಿಕ ವಿಚಾರಣೆ ನಡೆಸಬೇಕೆಂದು ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಕಿಂಗ್ ಯೋಚಿಸಿದ್ದನೆಂದು ಹೇಳುತ್ತಾರೆ. ಮೂರು ಸಾವಿರದಷ್ಟು ಅಮೆರಿಕನ್ ನಾವಿಕರು ಯುದ್ಧ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಸೆರೆಯಾದ ಜರ್ಮನ್ ನಾವಿಕರನ್ನು ಲೂಯಿಸಿಯಾನದ ಒಂದು ಶಿಬಿರದಲ್ಲಿ ಪ್ರತ್ಯೇಕವಾಗಿಟ್ಟು, ರೆಡ್ ಕ್ರಾಸ್ ಸಂಸ್ಥೆಗೂ ತಿಳಿಸಲಿಲ್ಲ. ಅವರ ಮನೆಯವರು ಅವರನ್ನು ಸತ್ತವರೆಂದೇ ನಂಬಿ ಕಣ್ಣೀರಿಟ್ಟರು. ಯುದ್ಧ ಮುಗಿದ ಮೇಲೆ ಅವರು ಬದುಕಿ ಮರಳಿದರು. ಇತ್ತ, ಮೊದಲು ಏಣಿಯಿಳಿದ ಆಲ್ಬರ್ಟ್ ಡೇವಿಡ್ 1945ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಅವನ ದೇಶದ ಅತ್ಯುನ್ನತ ಶೌರ್ಯಪದಕ ಅವನ ಮರಣಾನಂತರ ಸಂದಿತು.

ಗುರಿಯಿಟ್ಟು ಹೊಡೆಯುವ ಅಭ್ಯಾಸಕ್ಕೆ ಬಳಸಿ ಮುಳುಗಿಸಿಬಿಡಬೇಕೆಂದಿದ್ದ ಯು-505ನ್ನು ಷಿಕಾಗೊ ನಗರದ ಜನ ಚಂದಾ ಎತ್ತಿ ಉಳಿಸಿಕೊಂಡರು. ಸೇಂಟ್ ಲಾರೆನ್ಸ್ ನದಿ ಮತ್ತು ಮಹಾಸರೋವರಗಳ ಮೂಲಕ ಅದನ್ನು ಎಳೆತಂದು, 1954ರ ಸೆಪ್ಟೆಂಬರ್ 25ರಂದು ಅಟ್ಲಾಂಟಿಕ್ ಸಾಗರದಲ್ಲಿ ಪ್ರಾಣತೆತ್ತ ನಾವಿಕರ ಸ್ಮಾರಕವಾಗಿ ಅರ್ಪಿಸಿದರು. ಐವತ್ತು ವರ್ಷ ಬಿಸಿಲುಮಳೆಗಳಲ್ಲಿ ನಿಂತ ಅದನ್ನು 2004ರಲ್ಲಿ ನೆಲದಡಿಯ ಅಂಕಣಕ್ಕೆ ಸಾಗಿಸಿದರು.

ಜರ್ಮನಿಯ ಜಲಾಂತರ್ಗಾಮಿಗಳಲ್ಲಿ ಸಮುದ್ರಕ್ಕೆ ಹೋದ ಸುಮಾರು 40,000 ಮಂದಿಯಲ್ಲಿ ಹಿಂದಿರುಗದವರು ಸುಮಾರು 30,000. ಅವರು ಮುಳುಗಿಸಿದ ಹಡಗುಗಳಲ್ಲಿ ಮಡಿದವರೂ ಸಾವಿರ ಸಾವಿರ. ಆ ಲೆಕ್ಕದಲ್ಲಿ ಯು-505ರ ಕೊನೆಯ ದಿನ ಒಂದು ವಿಚಿತ್ರವಾದ ಅಪವಾದ. ಅಂದು ಮುಚ್ಚಳ ಹಾಕಿದವನೂ ಮೋಟಾರು ತಿರುಗಿಸಿದವನೂ ಶತ್ರುವಿನ ಹಡಗನ್ನು ಮುಳುಗದಂತೆ ಕಾಯುವುದರಲ್ಲಿ ತೊಡಗಿದ್ದರು. ಆ ಹಡಗಿನವರೂ ಒಬ್ಬನನ್ನು ಬಿಟ್ಟು ಎಲ್ಲರೂ ಬದುಕಿದರು. ಷಿಕಾಗೊಗೆ ಹೋಗುವ ಅವಕಾಶ ಒದಗಿದ ಓದುಗರು ಆ ಮೋಟಾರುಗಳ ಮುಂದೆ ಒಂದು ನಿಮಿಷ ನಿಂತು ನೋಡಲಿ.